ಬಲಗಡೆ ದೀಪ ಆರಿದಾಗ

ಘಾಟಿ ಏರುತ್ತಿದ್ದ ಟೈಲ್ಸ್ ಲಾರಿ... ಅದರ ಹಿಂದೆ ಒಂದು ಬಿಳಿ ಕಾರು.

ಲಾರಿ ಓಡಿಸುವುದರಲ್ಲೇ ಇಪ್ಪತ್ತಾರು ವರ್ಷ ಸವೆಸಿದವನು ಮಾದಯ್ಯ.

ಕಾರಿನವರಿಗೆ ಕಾಣದ ತಿರುವು ಎತ್ತರದಲ್ಲಿ ಕೂತ ಅವನಿಗೆ ಕಾಣುತ್ತದೆ. ಎದುರು ಗಾಡಿ ಬರುತ್ತಿದ್ದರೆ ಬಲಗಡೆ ಇಂಡಿಕೇಟರ್ ಹಾಕುತ್ತಾನೆ... "ಬರಬೇಡ" ಅಂತ. ದಾರಿ ಖಾಲಿಯಾದರೆ ಆರಿಸುತ್ತಾನೆ... "ಹೋಗಪ್ಪಾ" ಅಂತ.

ಯಾವ ಡ್ರೈವಿಂಗ್ ಸ್ಕೂಲಲ್ಲೂ ಹೇಳಿಕೊಡದ, ಲಾರಿಯವರೇ ಕಟ್ಟಿಕೊಂಡ ಭಾಷೆ ಅದು.

ಕಾರಿನವನಿಗೆ ಆ ಭಾಷೆ ಬರುತ್ತಿರಲಿಲ್ಲ. ಹಾರ್ನ್... ಹಾರ್ನ್... ಬರೀ ಹಾರ್ನ್.

ಕೊನೆಗೆ ಮಿನುಗುವ ದೀಪವನ್ನೂ ಲೆಕ್ಕಿಸದೆ ಲಾರಿಯ ಪಕ್ಕಕ್ಕೆ ನುಗ್ಗಿದ. ಗಾಜು ಇಳಿಸಿ ಕೂಗಿದ.

"ಯಾವನೋ ನಿನಗೆ ಲೈಸೆನ್ಸ್ ಕೊಟ್ಟಿದ್ದು? ನೆಟ್ಟಗೆ ಹೋಗ್ತಾ ಬಲಕ್ಕೆ ಲೈಟ್ ಹಾಕ್ತೀಯ... ಹೋಗಿ ಎಮ್ಮೆ ಮೇಯ್ಸು."

ಅಷ್ಟರಲ್ಲಿ ಎದುರಿಗೆ ಜೀಪ್... ಕಾರು ಗಕ್ಕನೆ ಬ್ರೇಕ್ ಹಾಕಿ ಮತ್ತೆ ಲಾರಿಯ ಹಿಂದೆ ಸೇರಿಕೊಂಡಿತು.

ಮಾದಯ್ಯನ ಕಿವಿ ಬಿಸಿಯಾಯಿತು. ಎಮ್ಮೆ ಮೇಯಿಸಬೇಕಂತೆ... ಇಷ್ಟು ಹೊತ್ತು ಇವನ ಜೀವ ಕಾದಿದ್ದು ಯಾರು?

ವಿಚಿತ್ರ ಅಂದರೆ, ಆಮೇಲೆ ಹಿಂದಿನಿಂದ ಒಂದು ಹಾರ್ನೂ ಕೇಳಲಿಲ್ಲ. "ಜೀಪ್ ನೋಡಿ ಗಂಟಲು ಒಣಗಿರಬೇಕು" ಅಂದುಕೊಂಡು ನಕ್ಕ.

ಮುಂದಿನ ತಿರುವು. ಮೇಲಿನಿಂದ ಬಸ್ಸೊಂದು ಇಳಿದು ಬರುತ್ತಿತ್ತು.

ಬಲಗಡೆ ದೀಪ ಇನ್ನೂ ಮಿನುಗುತ್ತಲೇ ಇತ್ತು.

"ನನ್ನ ಲೈಟ್ ಬೇಡ ಅಂದೋನಲ್ವಾ... ಇನ್ನು ನೀನೇ ನೋಡ್ಕೋ."

ಮಾದಯ್ಯ ದೀಪ ಆರಿಸಿದ.

ಮರುಕ್ಷಣವೇ ಕಾರು ಬಲಕ್ಕೆ ಹೊರಳಿತು... ಹಾರ್ನ್ ಇಲ್ಲ, ಅನುಮಾನ ಇಲ್ಲ, ಅಪ್ಪಣೆ ಸಿಕ್ಕವರ ಹಾಗೆ.

ಮಾದಯ್ಯನ ಕೈ ಮತ್ತೆ ಸ್ವಿಚ್ಚಿಗೆ ಹೋಗುವಷ್ಟರಲ್ಲಿ ಆ ಸದ್ದು ಕೇಳಿಸಿಯಾಗಿತ್ತು.

ಲಾರಿ ನಿಲ್ಲಿಸಿ, ಅಭ್ಯಾಸಬಲದಿಂದ ನಾಲ್ಕೂ ಇಂಡಿಕೇಟರ್ ಹಾಕಿ, ಓಡಿದ.

ಕಾರಿನವನು ರಸ್ತೆಯ ಮೇಲೆ ಕೂತಿದ್ದ. ತೊಡೆಯ ಮೇಲೆ ಒಬ್ಬ ಮುದುಕನ ತಲೆ... ಉಸಿರಿರಲಿಲ್ಲ.

ಮಾದಯ್ಯನನ್ನು ನೋಡಿ ಅವನು ಬೈಯಲಿಲ್ಲ. ರಕ್ತದ ಕೈಗಳನ್ನೇ ಜೋಡಿಸಿದ.

"ಆಗ ಬೈದಿದ್ದು ತಪ್ಪಾಯ್ತು ಅಣ್ಣಾ. ಇವರು ನಮ್ಮಪ್ಪ... ಇವರೂ ಮೂವತ್ತು ವರ್ಷ ಲಾರಿ ಓಡಿಸಿದೋರು. ಆ ಕೆಲಸದ ಬಗ್ಗೆ ನಾನೇ ಯಾವತ್ತೂ ಕೇಳಿರಲಿಲ್ಲ... ಹಿಂದಿನ ಸೀಟಲ್ಲಿ ಮಲಗಿದ್ದೋರು ನನ್ನ ಕೂಗಾಟಕ್ಕೆ ಎದ್ದು, ನನಗೇ ಬೈದ್ರು..."

"'ಅವನು ನಿನ್ನ ಕಾಯ್ತಾ ಇದಾನೆ ಕಣೋ. ಹಾರ್ನ್ ಹೊಡೀಬೇಡ. ಆ ಲೈಟ್ ಆರಿದ ಮೇಲೆ ಹೋಗು. ಲಾರಿಯವನು ಸುಳ್ಳು ಹೇಳಲ್ಲ' ಅಂದ್ರು..."

ಆಮೇಲೆ ಮೆಲ್ಲಗೆ ಕೇಳಿದ.

"ನಿಮ್ಮ ಇಂಡಿಕೇಟರ್ ಕೆಟ್ಟೋಗಿತ್ತಾ ಅಣ್ಣಾ?"

ಮಾದಯ್ಯ ನೆಲ ನೋಡುತ್ತಾ ಹೇಳಿದ.

"ಹೂಂ... ಕೆಟ್ಟೋಗಿತ್ತು."

ಅವನ ಬೆನ್ನ ಹಿಂದೆ ಲಾರಿಯ ನಾಲ್ಕೂ ದೀಪಗಳು ಮಿನುಗುತ್ತಲೇ ಇದ್ದವು...

ಸಿಟ್ಟಿನಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಬಹುದು... ಸಿಟ್ಟಿನಲ್ಲಿ ಹೇಳದೆ ಉಳಿಸಿಕೊಂಡ ಎಚ್ಚರಿಕೆಗೆ, ಕ್ಷಮಿಸಬೇಕಾದವರೇ ಉಳಿದಿರುವುದಿಲ್ಲ.

ಯಾರ ಮೇಲಿನ ಕೋಪಕ್ಕೆ ನೀವು ಯಾವ ದೀಪ ಆರಿಸಿ ಕೂತಿದ್ದೀರಿ... ಇವತ್ತು ಒಮ್ಮೆ ನೋಡಿಕೊಳ್ಳುತ್ತೀರಾ?