ಭಂಡಾರದ ತಾಯಿ

ಸತ್ತವರ ಮಾತು, ನೆನಪುಗಳೆಲ್ಲ ಅಕ್ಷರವಾಗಿ ಭಂಡಾರದಲ್ಲಿ ಉಳಿಯುತ್ತಿದ್ದ ಕಾಲವದು ಎಂದು ಹೊಳೆಸಾಲಿನವರು ಹೇಳುತ್ತಾರೆ. ಮುಂಗೈಯ ಮನೆತನದ ಹಚ್ಚೆಯನ್ನು ಅಲ್ಲಿ ಒಬ್ಬೊಬ್ಬ ಹಿರಿಯರಿಗೂ ಇದ್ದ ಗಾಜಿಗೆ ಒತ್ತಿದರೆ, ಒಳಗಿನ ಹಿರಿಯರು ತಮ್ಮವರನ್ನು ಗುರುತಿಸಿ ಮಾತಾಡುತ್ತಿದ್ದರು. ಪರರ ಹಿರಿಯರಿಗೆ ಹಚ್ಚೆ ತೋರಿಸುವುದು ಮಾತ್ರ ಮೈಲಿಗೆ.

ಭಂಡಾರ ಹಳತಾದಾಗ ಎಲ್ಲರನ್ನೂ ಹೊಸದಕ್ಕೆ ಸಾಗಿಸಿದರು. ಮನೆಗೊಬ್ಬರು ಬಂದು ತಮ್ಮ ತಮ್ಮ ಹಿರಿಯರ ಗಾಜಿಗಷ್ಟೇ ಹಚ್ಚೆಯೊತ್ತಿ ಪರೀಕ್ಷಿಸಿದರು. ಪ್ರತಿಯೊಬ್ಬರನ್ನೂ ಅವರವರ ಹಿರಿಯರು ಗುರುತಿಸಿದರು. ಊರು ಒಪ್ಪಿತು. ಹಳೆಯ ಭಂಡಾರವನ್ನು ಕರಗಿಸಿದರು.

ಬಳಿಕ ಹುಲಿಗೆವ್ವ ಮಗಳ ಮದುವೆಯ ಸುದ್ದಿ ಹೇಳಲು ಸತ್ತ ತಾಯಿಯ ಬಳಿ ಬಂದು ಗಾಜಿಗೆ ಹಚ್ಚೆಯೊತ್ತಿದಳು.

“ಬಂದ್ಯಾ ನನ್ನ ಮಗಳ? ನನ್ನ ಅಳಿಯ ಇನ್ನೂ ಗೊರಕೆ ಹೊಡಿತಾನೇನು?” ಎಂದಳು ತಾಯಿ.

ಹುಲಿಗೆವ್ವ ನಗುತ್ತಿರುವಾಗಲೇ, ಕಣ್ಣು ಮಂಜಾದ ಮುದುಕ ಲಕಮಪ್ಪ ಪಕ್ಕದ ತನ್ನವರ ಗಾಜೆಂದು ತಪ್ಪಾಗಿ ತಿಳಿದು ಆ ತಾಯಿಯ ಗಾಜಿಗೇ ಮುಂಗೈಯೊತ್ತಿದ.

“ಬಂದ್ಯಾ ನನ್ನ ಮಗಳ?” ಎಂದಳು ತಾಯಿ, ಅದೇ ಅಕ್ಕರೆಯಿಂದ.

ಭಂಡಾರ ಕಾಯುವ ಮೈಲಾರಪ್ಪ ಬಂದು ಒಳಗಿನ ಬರಹ ತೆರೆದು ನೋಡಿದ. ಹೊಸ ಭಂಡಾರಕ್ಕೆ ಅಕ್ಷರಗಳು ಗೊತ್ತಿದ್ದವು, ಹಚ್ಚೆಯ ಗುರುತುಗಳು ಗೊತ್ತಿರಲಿಲ್ಲ. ಸಾಗಿಸುವಾಗ ಬರಹದೊಳಗಿನ ಊರಿನ ಹಚ್ಚೆಗಳೆಲ್ಲ ಒಂದೇ ತೆರನ ಖಾಲಿ ಚೌಕಗಳಾಗಿದ್ದವು; ಈಗ ಯಾರ ಹಚ್ಚೆ ಒತ್ತಿದರೂ ಅದಕ್ಕೆ ಕಾಣುತ್ತಿದ್ದದ್ದು ಅದೇ ಚೌಕ.

“ಮತ್ತ ನನ್ನ ಗುರುತು ಹಿಡಿದಳಲ್ಲೋ ಆಕಿ?” ಎಂದಳು ಹುಲಿಗೆವ್ವ.

“ಯಾರು ಬಂದ್ರೂ ಹಿಡಿತಾಳ ಯಕ್ಕಾ.”

“ಹಳೇದರಾಗ ನೋಡೋ ತಮ್ಮಾ.”

“ಎಲ್ಲೈತಿ ಹಳೇದು? ಕರಗಸಾಕ ನೀವೂ ಹೂಂ ಅಂದ್ರಿ.”

“ಯಾಕ ಸುಮ್ಮನಾದಿ ಮಗಳ?” ತಾಯಿ ಒಳಗಿನಿಂದ ಕೇಳುತ್ತಲೇ ಇದ್ದಳು. ಅವಳು ಯಾರನ್ನು ಕೇಳುತ್ತಿದ್ದಾಳೆಂದು ತಿಳಿಯದೆ ಹುಲಿಗೆವ್ವ ಮುಂಗೈಯ ಹಚ್ಚೆಯನ್ನು ಸೆರಗಿನಿಂದ ಮುಚ್ಚಿಕೊಂಡಳು.