ಮೊದಲ ಪ್ರತಿ

ಹಿಂದಿನ ಸಾಲಿನಿಂದ ಮತ್ತೆ ಕೆಮ್ಮು ಕೇಳಿದಾಗ ವೇದಿಕೆಯ ಮೇಲಿದ್ದ ಸಂಪಾದಕಿ ಸ್ವರ್ಣಲತಾ ತಲೆಯೆತ್ತದೆ ಬಾಗಿಲ ಕಡೆ ಕೈಮಾಡಿದರು. ಅಟೆಂಡರ್ ಕರುಣಾಕರ ಕೆಮ್ಮುತ್ತಿದ್ದವರನ್ನು ಹೊರಗೆ ಕರೆದೊಯ್ದ. ಮಣಿಪಾಲದ ವೈದ್ಯರನ್ನೂ ಸಮಾಜಶಾಸ್ತ್ರದವರನ್ನೂ ಒಂದೇ ಪತ್ರಿಕೆಗೆ ಒಪ್ಪಿಸಿ ಈ ಬಿಡುಗಡೆಯವರೆಗೆ ತರುವಷ್ಟರಲ್ಲಿ ಸ್ವರ್ಣಲತಾ ಸೋತು ಸುಣ್ಣವಾಗಿದ್ದರು. ಅತಿಥಿಗಳ ಭಾಷಣವೋ ಮುಗಿಯುವಂತಿರಲಿಲ್ಲ.

ಅಂತೂ ಮುಗಿಯಿತು. ಉಡುಪಿಯ ಪ್ರೆಸ್ಸಿನ ಮಸಿ ಇನ್ನೂ ಘಮ್ಮೆನ್ನುತ್ತಿದ್ದ ‘ಆರೋಗ್ಯ ಮತ್ತು ಸಮಾನತೆ’ ಪತ್ರಿಕೆಯ ಮೊದಲ ಲೇಖನ ಬೀಡಿ ಕಟ್ಟುವ ಹೆಂಗಸರ ಎದೆರೋಗದ ಕುರಿತಾಗಿತ್ತು. ಮೊದಲ ಪ್ರತಿ ಅವರಲ್ಲೊಬ್ಬರ ಕೈಗೇ ಹೋಗಬೇಕೆಂದು ಹಠ ಹಿಡಿದವರು ಸ್ವರ್ಣಲತಾ. “ಕಟಪಾಡಿಯ ಬೀಪಾತುಮ್ಮ ವೇದಿಕೆಗೆ ಬರಬೇಕು” ಎಂದು ಕರೆದರು. ಯಾರೂ ಏಳಲಿಲ್ಲ.

“ಎಂತ ಕರುಣಾಕರ, ಅವರು ಬರಲೇ ಇಲ್ವಾ?”

ಕರುಣಾಕರ ವೇದಿಕೆಯ ಹತ್ತಿರ ಬಂದು ದನಿ ತಗ್ಗಿಸಿದ. “ಬಂದಿದ್ದಾರೆ ಮೇಡಂ, ಹೊರಗೆ ಕೂತಿದ್ದಾರೆ. ಕಳಿಸ್ಲಿಕ್ಕೆ ನೀವೇ ಕೈ ತೋರಿಸಿದ್ದು ಅಲ್ವಾ?”