ಕದಿರು ಕಟ್ಟಿದ ನೇತಾಜಿ

ಪ್ರಭಾವತಿ ಸ್ಟೂಲು ಹತ್ತಿ, ದೇವರ ಪಟಗಳ ಸಾಲಿನಿಂದ ನೇತಾಜಿಯನ್ನು ಇಳಿಸಿ, ಸೆರಗಿನಲ್ಲಿ ಧೂಳು ಒರೆಸಿ ಉಮಾನಾಥರ ಮುಂದಿಟ್ಟಳು. "ತಕಣಿ ಮಾಷ್ಟ್ರೆ. ಇನ್ನ್ ನಿಮ್ಮನ್ನ ತಿರ್ಗಾಡ್ಸುದಿಲ್ಲೆ."

ಪೋಸ್ಟ್ ಮಾಸ್ಟರಾಗಿ ನಿವೃತ್ತರಾದ ಉಮಾನಾಥರು ಹೆಮ್ಮಾಡಿಯಿಂದ ಬಸ್ಸು ಹಿಡಿದು ಬೀಜಾಡಿಯ ಈ ಮನೆಗೆ ಬರತೊಡಗಿ ಆರು ತಿಂಗಳಾಗಿತ್ತು. ನೇತಾಜಿಯ ಹಳೆಯ ಕ್ಯಾಲೆಂಡರು, ಬೆಂಕಿಪೊಟ್ಟಣದ ಚೀಟಿ, ಪೇಪರಿನ ತುಂಡು, ಸಿಕ್ಕಿದ್ದನ್ನೆಲ್ಲ ಕೂಡಿಡುವ ಹುಚ್ಚು ಅವರಿಗೆ. ಪ್ರಭಾವತಿಯ ಮಾವ ಒಂದು ಕಾಲದಲ್ಲಿ ಮುಂಬೈಯಿಂದ ತಂದು ರಟ್ಟಿಗೆ ಅಂಟಿಸಿದ್ದ ಅಚ್ಚಿನ ಪಟ ಇದು. ಮೊದಲ ದಿನ ಅವರು ಪಟ ಕೇಳಿದಾಗ ಅವಳು, "ಹೊಸ್ತ್ ಕಳಿಲಿ. ಕದಿರು ಕಟ್ಟುಕ್ ಮುಂಚೆ ಗೋಡೆ ಪಟ ತೆಗುಕಾಗ" ಎಂದಿದ್ದಳು. ಹೊಸ ಭತ್ತದ ತೆನೆ ಮನೆಗೆ ತರುವ ಹೊಸ್ತಿನ ಹಬ್ಬದ ದಿನ ಬಾಗಿಲಿಗೆ, ಬಾವಿಗೆ, ಮೀನಿನ ಬುಟ್ಟಿಗೆ ಕಟ್ಟಿದ ಹಾಗೆ ನೇತಾಜಿಗೂ ಒಂದು ತೆನೆ ಕಟ್ಟಿದಳು. ಆಮೇಲೆ ದೀಪಾವಳಿ ಕಳೆಯಲಿ ಎಂದಳು, ಆಮೇಲೆ ಮಾವನ ತಿಥಿ.

ಉಮಾನಾಥರು ಒಮ್ಮೆಯೂ ಅವಸರ ಮಾಡಲಿಲ್ಲ. ಗುರುವಾರ ಮಧ್ಯಾಹ್ನ ಬರುವರು, ಕಾಫಿ ಕುಡಿಯುವರು, ಇವತ್ತು ಬಂಗುಡೆ ಸಿಕ್ಕಿತಾ, ಬುಟ್ಟಿ ಹೊತ್ತು ಎಲ್ಲಿಯವರೆಗೆ ನಡೆದೆ, ಮೊಣಕಾಲು ಹೇಗಿದೆ ಎಂದು ಕೇಳುವರು. ಗಂಡ ಸತ್ತ ಮೇಲೆ ಅವಳ ಮೊಣಕಾಲನ್ನು ಕೇಳಿದವರು ಅವರೊಬ್ಬರೇ.

ಆದರೆ ಮೊನ್ನೆ ಪಕ್ಕದ ಮನೆಯ ಪದ್ದು ನಾಲ್ಕು ಜನರೆದುರೇ, "ಹ್ವಾಯ್ ಪ್ರಭಕ್ಕ, ಮಾಷ್ಟ್ರ್ ಪಟಕ್ಕೆ ಬಪ್ಪುದಾ, ನಿನ್ ಕಾಫಿಗೆ ಬಪ್ಪುದಾ?" ಎಂದು ನಗಾಡಿದ್ದಳು. ಪಟ ಕೊಟ್ಟರೆ ಆ ಬಾಯಿ ಮುಚ್ಚುತ್ತದೆ. ಗುರುವಾರವೂ ಮುಗಿಯುತ್ತದೆ.

ಉಮಾನಾಥರು ಪಟವನ್ನು ಮುಟ್ಟಲಿಲ್ಲ. "ಶಿವರಾತ್ರಿ ಕಳಿಲಿ ಅಂದಿದ್ಯಲೆ?"

"ಸಾಕ್ ಮಾಷ್ಟ್ರೆ. ಜನ ಎಂತೆಂತದೋ ಮಾತಾಡ್ತ್ರ್. ಎಲ್ಲಿಡ್ತ್ರಿ ಇದನ್ನ, ಕಾಂಬ" ಎಂದು ಅವಳೇ ಅವರ ಚೀಲದಿಂದ ಫೈಲು ಎಳೆದು ಬಿಡಿಸಿದಳು.

ಪ್ಲಾಸ್ಟಿಕ್ ಹಾಳೆಯೊಳಗೆ ಅದೇ ನೇತಾಜಿ ಇದ್ದರು. ಅದೇ ಟೊಪ್ಪಿ, ಅದೇ ಬಾವುಟ, ಕೆಳಗೆ ಅದೇ ಮುದ್ರಣಾಲಯದ ಹೆಸರು. ಮುಂದಿನ ಹಾಳೆಯಲ್ಲಿ ಇನ್ನೊಂದು. ಅವಳ ಪಟಕ್ಕಿದ್ದ ಹಾಗೆ ಹಣೆಯಲ್ಲಿ ಕುಂಕುಮ ಇಲ್ಲ, ಅಷ್ಟೇ.

"ಇದೇ ಪಟ ಎರಡೆರಡು ಇತ್ತಲ್ದಾ ನಿಮ್ ಹತ್ರ! ಯಾವಾಗಿಂದ?"

ಉಮಾನಾಥರು ಕನ್ನಡಕ ತೆಗೆದು ಒರೆಸತೊಡಗಿದರು. "ಇಲ್ಲಿಗೆ ಬಪ್ಪುಕ್ ಮುಂಚಿಂದ."

ಬೇಲಿಯಾಚೆ ಪದ್ದು ಒಣಮೀನು ಮಗುಚುತ್ತಿದ್ದಳು. ಮಗುಚಿದ ಸಾಲನ್ನೇ ಮತ್ತೆ ಮಗುಚುತ್ತಿದ್ದಳು. ಪ್ರಭಾವತಿ ಅತ್ತ ಒಮ್ಮೆ ನೋಡಿದಳು. ಪಟ ಎತ್ತಿಕೊಂಡು, ನೋಯುವ ಕಾಲನ್ನು ಸ್ಟೂಲಿನ ಮೇಲಿಟ್ಟು ಹತ್ತಿ, ಅದನ್ನು ಮೊಳೆಗೆ ಸಿಕ್ಕಿಸಿದಳು. ಆಮೇಲೆ ಬೇಲಿಯಾಚೆಗೂ ಕೇಳುವಂತೆ ಗಟ್ಟಿಯಾಗಿ ಕೂಗಿದಳು:

"ಇಲ್ಲೆ ಅಂದ್ರೆ ಇಲ್ಲೆ, ಮಾಷ್ಟ್ರೆ! ಬಪ್ಪ ಗುರುವಾರ ಬಂದ್ರೂ ಕೊಡುದಿಲ್ಲೆ!"